ಕೌದಿಗಾಗಿ ಕೊಂಡ ಯಂತ್ರ: ಒಂಬತ್ತು ವರ್ಷಗಳ ಲೆಕ್ಕ

2016ರ ಖಂಡೇನವಮಿಯ ದಿನ ಈ ಹೊಲಿಗೆ ಯಂತ್ರ ಪುಣೆಯ ಕೊತ್ರೂಡಿನ ನಮ್ಮ ಮನೆಗೆ ಬಂತು. ಪೆಟ್ಟಿಗೆ ಬಿಚ್ಚಿ ಮೇಜಿನ ಮೇಲೆ ಇಡುವಷ್ಟರಲ್ಲಿ ಅತ್ತೆಯವರು ಚೆಂಡುಹೂವಿನ ಮಾಲೆ, ಅರಿಸಿನ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ಹಾಲಿನಂಥ ಬಿಳಿ ಪ್ಲಾಸ್ಟಿಕ್ ಮೈಗೆ ಒದ್ದೆ ಕುಂಕುಮ ಬಿತ್ತು. ಸಾಬೂನು, ಸ್ಪಿರಿಟ್, ನಿಂಬೆಹಣ್ಣು ಎಲ್ಲ ಆಯಿತು. ಆ ಗುಲಾಬಿ ಕಲೆ ಇನ್ನೂ ಅಲ್ಲಿಯೇ ಇದೆ. ಅದರ ಪಕ್ಕದಲ್ಲಿದ್ದ ಕಂಪನಿಯ ಹೆಸರು ಮಾತ್ರ ಉಜ್ಜಿ ಉಜ್ಜಿ ಅಳಿಸಿಹೋಗಿದೆ. ಹೀಗಾಗಿ ಹೆಸರಿನ ಗೋಜಿಗೆ ನಾನೂ ಹೋಗುವುದಿಲ್ಲ. ಮೇಜಿನ ಮೇಲಿಟ್ಟು, ಕಾಲಿನಿಂದ ಪೆಡಲ್ ಒತ್ತಿ ಹೊಲಿಯುವ, ಹದಿನಾಲ್ಕು ಬಗೆಯ ಹೊಲಿಗೆ ಬರುತ್ತದೆಂದು ಹೇಳಿಕೊಳ್ಳುವ ಮನೆಬಳಕೆಯ ಯಂತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಕುಲದವು. ನಾನು ಕೊಟ್ಟದ್ದು ಸುಮಾರು 11,000 ರೂಪಾಯಿ.

ಕೊಂಡಿದ್ದು ಕೌದಿ ಹೊಲಿಯಲು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಒಂಬತ್ತು ವರ್ಷಗಳಲ್ಲಿ ಈ ಯಂತ್ರ ಒಂದೇ ಒಂದು ಕೌದಿಯನ್ನೂ ಹೊಲಿದಿಲ್ಲ.

ಧಾರವಾಡದಲ್ಲಿ ಅವ್ವ ಹಳೆಯ ಸೀರೆ, ಅಪ್ಪನ ಧೋತರ, ನಮ್ಮ ಲಂಗಗಳನ್ನೆಲ್ಲ ವರ್ಷವಿಡೀ ಕೂಡಿಸಿಟ್ಟು ಬೇಸಿಗೆಯಲ್ಲಿ ಕೌದಿಗೆ ಕೂರುತ್ತಿದ್ದಳು. ನೆಲದ ಮೇಲೆ ಸೀರೆ ಹಾಸಿ, ಅದರ ಮೇಲೆ ಹರಿದ ಬಟ್ಟೆಗಳನ್ನು ಪದರ ಪದರವಾಗಿ ಇಟ್ಟು, ಅಂಚಿನಿಂದ ಹಿಡಿದು ನಡುವಿನವರೆಗೆ ಸುತ್ತುತ್ತ ಹೊಲಿಯುವುದು. ಟಾಕು, ಅಂದರೆ ಒಂದೊಂದು ಹೊಲಿಗೆ, ಅಕ್ಕಿಕಾಳಿಗಿಂತ ದೊಡ್ಡದಾದರೆ ಅಜ್ಜಿ ಬಿಚ್ಚಿಸುತ್ತಿದ್ದಳು. ಪುಣೆಯಲ್ಲಿ ಇದಕ್ಕೆ ಗೋಧಡಿ ಎನ್ನುತ್ತಾರೆ. ಡಿಸೆಂಬರಿನ ಚಳಿಗೆ ಹೆಸರು ಯಾವುದಾದರೇನು. ಅವ್ವನ ಕಣ್ಣು ಮಂದವಾದ ಮೇಲೆ ಅವಳ ಸೀರೆಗಳ ಗಂಟು ನನ್ನ ಕಪಾಟಿಗೆ ಬಂತು. ಕೈಯಿಂದ ಹೊಲಿದರೆ ಒಂದು ಕೌದಿಗೆ ಎರಡು ತಿಂಗಳು. ಮಗ ಆಗ ಮೂರನೆಯ ತರಗತಿ, ಎರಡು ತಿಂಗಳು ಎಲ್ಲಿಂದ ತರಲಿ? ಯಂತ್ರವಿದ್ದರೆ ಎರಡು ಮಧ್ಯಾಹ್ನದ ಕೆಲಸ ಎಂದುಕೊಂಡೆ.

ಮೊದಲ ಮಧ್ಯಾಹ್ನವೇ ಭ್ರಮೆ ಬಿಟ್ಟಿತು. ಎರಡು ಪದರ ಸರಾಗವಾಗಿ ಹೋಯಿತು. ನಾಲ್ಕು ಪದರಕ್ಕೆ ಮೋಟಾರಿನ ದನಿ ದಪ್ಪವಾಯಿತು. ಇಳಕಲ್ ಸೀರೆಯ ಅಂಚು, ಅದರ ಕೆಳಗೆ ಧೋತರದ ಮಡಿಕೆ, ಅದರ ಕೆಳಗೆ ಇನ್ನೊಂದು ಸೀರೆಯ ಅಂಚು ಮೂರೂ ಕೂಡುವ ಜಾಗದಲ್ಲಿ ಸೂಜಿ ಇಳಿಯಿತು, ಏಳಲಿಲ್ಲ. ಪೆಡಲನ್ನು ಇನ್ನಷ್ಟು ಒತ್ತಿದೆ. ಸುಟ್ಟ ರಬ್ಬರಿನ ವಾಸನೆ ಬಂತು. ಪಕ್ಕದ ಗಾಲಿಯನ್ನು ಕೈಯಿಂದ ತಿರುಗಿಸಿದೆ. ಟಣ್ ಎಂದು ಸೂಜಿ ಮುರಿದು ಅದರ ತುದಿ ನನ್ನ ಕನ್ನಡಕಕ್ಕೆ ಬಡಿಯಿತು. 14ನೆಯ ನಂಬರಿನ ಸೂಜಿ ತೆಗೆದು 16, ಆಮೇಲೆ 18 ಹಾಕಿದೆ. ಮುರಿಯುವುದು ನಿಂತಿತು, ಆದರೆ ಇನ್ನೊಂದು ತೊಂದರೆ ಹುಟ್ಟಿತು. ಅಡಿಯಲ್ಲಿರುವ ಹಲ್ಲುಗಳು ಕೆಳಗಿನ ಪದರವನ್ನು ಎಳೆದುಕೊಂಡು ಮುಂದೆ ಹೋಗುತ್ತವೆ, ಮೇಲಿನ ಪದರವನ್ನು ಸೂಜಿಯ ಬಳಿಯ ಲೋಹದ ಪಾದ ಒತ್ತಿ ಹಿಡಿದಿರುತ್ತದೆ. ಒಂದು ಮೊಳ ಹೊಲಿಯುವಷ್ಟರಲ್ಲಿ ಅವ್ವನ ಸೀರೆ ಪಾದದ ಮುಂದೆ ಉಬ್ಬಿ ಗುಡ್ಡೆಯಾಗಿ ನಿಂತಿತು. ಸಾಲದ್ದಕ್ಕೆ ಸೂಜಿಗೂ ಬಲಗಡೆಯ ಕಂಬಕ್ಕೂ ನಡುವೆ ಒಂದು ಗೇಣು ಜಾಗವೂ ಇಲ್ಲ. ಸುತ್ತಿದ ಕೌದಿಯನ್ನು ಅದರೊಳಗೆ ತೂರಿಸುವುದು ಹಾಸಿಗೆಯನ್ನು ಕಿಟಕಿಯಿಂದ ಆಚೆ ತಳ್ಳಿದ ಹಾಗೆ.

ಕೊಳ್ಳುವಾಗ ಅಂಗಡಿಯವನನ್ನು ಸ್ಪಷ್ಟ ಮರಾಠಿಯಲ್ಲಿ ಕೇಳಿದ್ದೆ, ಇದರಲ್ಲಿ ಗೋಧಡಿ ಹೊಲಿಯಬಹುದೇ ಎಂದು. "ಜೀನ್ಸ್ ಕೂಡ ಹೊಲಿಯುತ್ತದೆ, ವಹಿನಿ" ಎಂದಿದ್ದ. ಜೀನ್ಸ್ ಹೊಲಿಯುತ್ತದೆ, ಅದು ನಿಜ. ಜೀನ್ಸಿಗೂ ಗೋಧಡಿಗೂ ಇರುವ ಅಂತರ ಅವನಿಗೂ ಗೊತ್ತಿರಲಿಲ್ಲ, ನನಗೂ. ಹಿಂತಿರುಗಿಸೋಣವೆಂದರೆ ಕುಂಕುಮದ ಕಲೆ ಬಿಡಲಿಲ್ಲ.

ಹೀಗೆ ಕೌದಿಯ ಗಂಟು ಕಪಾಟಿಗೆ ಮರಳಿತು, ಯಂತ್ರ ಮಾತ್ರ ಮನೆಯಲ್ಲಿ ಉಳಿಯಿತು. ಉಳಿದ ಮೇಲೆ ಕೆಲಸ ತಾನಾಗಿಯೇ ಹುಡುಕಿಕೊಂಡು ಬಂತು.

ಮುಖ್ಯವಾದದ್ದು ಮಗನ ಶಾಲೆಯ ಪ್ಯಾಂಟು. ಜೂನಿನಲ್ಲಿ ನಾಲ್ಕು ಬೆರಳು ಉದ್ದ ಇರುವುದನ್ನೇ ಕೊಂಡು ಒಳಗೆ ಮಡಚಿ ಹೊಲಿಯುವುದು, ದೀಪಾವಳಿಗೆ ಒಂದು ಬೆರಳು ಬಿಚ್ಚುವುದು, ಸಂಕ್ರಾಂತಿಯ ಹೊತ್ತಿಗೆ ಇನ್ನೊಂದು. ಬಿಚ್ಚಿದ ಮಡಿಕೆಯ ಗೆರೆ ಯಾವ ಇಸ್ತ್ರಿಗೂ ಹೋಗುವುದಿಲ್ಲ. ಆರನೆಯ ತರಗತಿಯ ಕಡುನೀಲಿ ಪ್ಯಾಂಟಿನ ಕಾಲಿನಲ್ಲಿ ಅಂಥ ಗೆರೆ ಮೂರಿದ್ದವು, ಕೆಳಗಿನದು ಅಚ್ಚಾಗಿ, ಮೇಲಿನದು ಮಾಸಲಾಗಿ. "ಅಮ್ಮಾ, ಹುಡುಗರು ಎಣಿಸುತ್ತಾರೆ" ಎಂದು ಒಂದು ಸಂಜೆ ಚೀಲ ಬಿಸಾಡಿ ಹೇಳಿದ. ಆ ರಾತ್ರಿ ಗೆರೆಗಳ ಮೇಲೆಯೇ ಅದೇ ಬಣ್ಣದ ದಾರದಿಂದ ನೇರ ಹೊಲಿಗೆ ಹಾಕಿದೆ. ಪ್ಯಾಂಟಿನ ವಿನ್ಯಾಸವೇ ಹಾಗೆಂದು ಹುಡುಗರು ನಂಬಿದರೋ ಇಲ್ಲವೋ, ಎಣಿಸುವುದು ನಿಂತಿತು. ನೇರ ಹೊಲಿಗೆಯ ವಿಷಯದಲ್ಲಿ ಈ ಯಂತ್ರಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಗೆರೆ ಎಳೆದ ಹಾಗೆ ಹೋಗುತ್ತದೆ.

ಜಿಗ್‌ಜ್ಯಾಗ್ ಹೊಲಿಗೆಗೂ ಅಷ್ಟೇ ಅಂಕ. ಗುಳೇದಗುಡ್ಡದ ಖಣಕ್ಕೆ ಇಲ್ಲಿ ಈಗ ಬಹಳ ಬೇಡಿಕೆ. ಪುಣೆಯವರು ಅದನ್ನು ತಮ್ಮದೇ ಎನ್ನುತ್ತಾರೆ; ಗುಳೇದಗುಡ್ಡ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ ಎಂದು ನಾನು ಹೇಳುತ್ತೇನೆ; ಅಲ್ಲಿಗೆ ಮಾತು ನಿಲ್ಲುತ್ತದೆ. ಖಣವನ್ನು ಕತ್ತರಿಸಿದ ಕ್ಷಣದಿಂದಲೇ ಅಂಚು ಎಳೆ ಬಿಡಲು ತೊಡಗುತ್ತದೆ. ಕತ್ತರಿಸಿದ ಕೂಡಲೇ ಅಂಚಿನ ಸುತ್ತ ಒತ್ತಾಗಿ ಜಿಗ್‌ಜ್ಯಾಗ್ ಓಡಿಸಿಬಿಟ್ಟರೆ ಕುಪ್ಪಸ ಹತ್ತು ಸಲ ಒಗೆದರೂ ಸಡಿಲುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಮಾಸ್ಕ್ ಹೊಲಿದ ಕಥೆಯನ್ನು ಎಲ್ಲರೂ ಹೇಳಿ ಮುಗಿಸಿದ್ದಾರೆ. ನಾನು ಸೇರಿಸುವುದು ಇಷ್ಟೇ: ದಿನಕ್ಕೆ ನಾಲ್ಕು ಗಂಟೆಯಂತೆ ಮೂರು ವಾರ ಓಡಿಸಿದರೂ ಮೋಟಾರು ಒಮ್ಮೆಯೂ ನಿಲ್ಲಲಿಲ್ಲ.

ಇನ್ನು ದೂರುಗಳು. ಮೂರನೆಯ ತಿಂಗಳಿನಲ್ಲಿ ಬಟ್ಟೆಯ ಅಡಿಯಲ್ಲಿ ದಾರ ಗೋಜಲು ಗೋಜಲಾಗಿ ಗುಬ್ಬಿಗೂಡಿನಂತೆ ಸುತ್ತಿಕೊಳ್ಳತೊಡಗಿತು. ಕೆಳಗೆ ಕಾಣುವ ಗೋಜಲಿಗೆ ಕೆಳಗಿನ ದಾರ ಸುತ್ತಿಡುವ ಬಾಬಿನ್ನೇ ಕಾರಣವೆಂದು ಅದನ್ನು ಇಪ್ಪತ್ತು ಸಲ ತೆಗೆದು ಹಾಕಿದೆ. ಸೇವಾ ಕೇಂದ್ರಕ್ಕೆ ಫೋನ್ ಮಾಡಿ ಹನ್ನೊಂದು ದಿನ ಕಾದ ಮೇಲೆ ಒಬ್ಬ ಹುಡುಗ ಬಂದ. ಚಹಾ ಆರುವ ಮೊದಲೇ ಕೆಲಸ ಮುಗಿಸಿದ. ಮಾಡಿದ್ದಿಷ್ಟು: ಬಟ್ಟೆ ಒತ್ತುವ ಪಾದವನ್ನು ಮೇಲೆತ್ತಿದ, ಮೇಲಿನ ದಾರವನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿದ. ಪಾದ ಕೆಳಗಿದ್ದಾಗ ದಾರ ಬಿಗಿ ಹಿಡಿಯುವ ತಟ್ಟೆಗಳು ಮುಚ್ಚಿಕೊಂಡಿರುತ್ತವೆ. ಆಗ ಪೋಣಿಸಿದರೆ ದಾರ ತಟ್ಟೆಗಳ ನಡುವೆ ಕೂರುವುದಿಲ್ಲ, ಬಿಗಿಯಿಲ್ಲದ ಮೇಲಿನ ದಾರವೇ ಕೆಳಗೆ ಹೋಗಿ ರಾಶಿ ಬೀಳುತ್ತದೆ. ಯಂತ್ರದ ದೋಷವಲ್ಲ, ಬಳಸುವವರ ತಪ್ಪು ಎಂದು ಚೀಟಿ ಬರೆದು 350 ರೂಪಾಯಿ ತೆಗೆದುಕೊಂಡು ಹೋದ. ಇದನ್ನು ಓದಿದವರಿಗೆ ಆ 350 ಉಳಿಯಿತು.

ಎಣ್ಣೆಯ ಮಾತೂ ಇಲ್ಲಿಯೇ ಬರಲಿ. ಒಂದು ಮಳೆಗಾಲದಲ್ಲಿ ನಾನು ಊರಿಗೆ ಹೋಗಿದ್ದಾಗ ಯಂತ್ರ ಕಿರುಗುಟ್ಟುತ್ತದೆಂದು ಅತ್ತೆಯವರು ಪ್ರೀತಿಯಿಂದ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಡಿಸೆಂಬರಿನಲ್ಲಿ ಗಾಲಿ ತಿರುಗಲಿಲ್ಲ. ಒಳಗೆ ಎಣ್ಣೆ ಧೂಳಿನ ಜೊತೆ ಸೇರಿ ಅಂಟಿನಂತೆ ಹೆಪ್ಪುಗಟ್ಟಿತ್ತು. ಹಳೆಯ ಟೂತ್‌ಬ್ರಷ್ ಹಿಡಿದು ಎರಡು ದಿನ ಕೆರೆದೆ. ಅತ್ತೆಯವರಿಗೆ ನಾನು ಏನೂ ಹೇಳಲಿಲ್ಲ. ಹೊಲಿಗೆ ಯಂತ್ರದ ಎಣ್ಣೆಯ ಶೀಸೆಯನ್ನು ದೇವರ ಎಣ್ಣೆಯ ಪಕ್ಕದಲ್ಲಿ ಇಟ್ಟೆ, ಅಷ್ಟೇ.

ಸದ್ದಿನ ವಿಷಯ ಮಾತ್ರ ಪುಣೆಯವರು ಕೊಳ್ಳುವ ಮುಂಚೆ ಯೋಚಿಸಬೇಕಾದದ್ದು. ಈ ಊರಿನಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕು ಎಂದರೆ ಅಂಗಡಿಗಳೇ ಬಾಗಿಲು ಹಾಕಿಕೊಂಡು ಮಲಗುವ ಹೊತ್ತು. ಅಡುಗೆಮನೆ ತೊಳೆದು, ಅತ್ತೆಯವರು ಮಲಗಿ, ಮಗ ಶಾಲೆಯಿಂದ ಬರುವವರೆಗೆ ನನಗೆ ಸಿಗುವುದೂ ಅದೇ ಹೊತ್ತು. ಯಂತ್ರದ ಸದ್ದು ಕೋಣೆಯಲ್ಲಿ ಹೆಚ್ಚಿಲ್ಲ. ಆದರೆ ಅದರ ನಡುಕ ಮೇಜಿನ ಕಾಲುಗಳಿಂದ ಇಳಿದು ನೆಲದ ಮೂಲಕ ಕೆಳಗಿನ ಮನೆಗೆ ಹೋಗುತ್ತದೆ. ಒಂದು ದಿನ ಮೆಟ್ಟಿಲ ಬಳಿ ಮುದ್ದಾದ ಅಕ್ಷರದ ಮರಾಠಿ ಚೀಟಿಯೊಂದು ಅಂಟಿತ್ತು: "ಮೇಲೆ ಕಾರ್ಖಾನೆ ನಡೆಸುವವರು ವಾಮಕುಕ್ಷಿಯ ವೇಳೆಯನ್ನು ಗೌರವಿಸಬೇಕು. ಕೆಳಗೆ ವಾಸಿಸುವವರು ಕಾರ್ಮಿಕರಲ್ಲ." ಕೆಳಗಿನ ಮನೆಯ ಆಜೋಬಾ, ಅಂದರೆ ಅಜ್ಜ, ಬರೆದದ್ದು. ಕೋಪ ಬರುವ ಮೊದಲು ನಗು ಬಂತು. ಯಂತ್ರದ ಅಡಿಗೆ ರಬ್ಬರ್ ಚಾಪೆ, ಮೇಜಿನ ಕಾಲುಗಳ ಅಡಿಗೆ ಹಳೆಯ ಕಂಬಳಿಯ ತುಂಡುಗಳನ್ನು ಮಡಚಿ ಇಟ್ಟೆ. ಎರಡನೆಯ ಚೀಟಿ ಬರಲಿಲ್ಲ. ಬಂದದ್ದು ಲಾಡಿ ಹಾಕುವ ಅಂಚು ಹರಿದ ಎರಡು ಪಾಯಿಜಾಮ. ನಾನು ಕೂಲಿ ಕೇಳಲಿಲ್ಲ, ಅವರು ಕೊಡಲೂ ಇಲ್ಲ.

ಖರ್ಚು ಕಡಿಮೆ. ಒಂಬತ್ತು ವರ್ಷಗಳಲ್ಲಿ ಒಂದು ಬೆಲ್ಟ್, ಒಂದು ಬಾಬಿನ್ ಕೇಸ್, ಒಂದು ಬಲ್ಬು, ಲೆಕ್ಕವಿಲ್ಲದಷ್ಟು ಸೂಜಿ. ಸೂಜಿಯನ್ನು ಕೈಯಾರೆ ನೋಡಿ ಕೊಳ್ಳಬೇಕು ಎಂಬುದು ನನ್ನ ಹಟ, ಅದಕ್ಕಾಗಿ ಊರೊಳಗಿನ ಹಳೆಯ ಪೇಟೆ ತುಳಸಿಬಾಗಿಗೆ ಹೋಗುತ್ತೇನೆ. ಮೊದಲು ಲಕ್ಷ್ಮೀ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುವುದರಲ್ಲಿಯೇ ಅರ್ಧ ದಿನ ಹೋಗುತ್ತಿತ್ತು. 2024ರ ಸೆಪ್ಟೆಂಬರಿನಲ್ಲಿ ಮಂಡಈ ಮೆಟ್ರೋ ನಿಲ್ದಾಣ ತೆರೆದ ಮೇಲೆ ವನಾಜ್‌ನಲ್ಲಿ ಹತ್ತಿ, ನಡುವೆ ಒಮ್ಮೆ ಗಾಡಿ ಬದಲಿಸಿದರೆ ನೇರ ತುಳಸಿಬಾಗಿನ ಹತ್ತಿರ ಏಳುತ್ತೇನೆ. ನಲವತ್ತು ರೂಪಾಯಿಯ ಸೂಜಿಗೆ ಹೋಗಿ ಆರುನೂರರ ಲೇಸು, ಗುಂಡಿ ತರುತ್ತೇನೆಂದು ಮನೆಯವರ ತಕರಾರು. ಅದನ್ನು ಯಂತ್ರದ ಖರ್ಚಿಗೆ ಸೇರಿಸಬೇಕೋ ಬೇಡವೋ ಓದುವವರೇ ಹೇಳಲಿ.

ಹದಿನಾಲ್ಕು ಬಗೆಯಲ್ಲಿ ನಾನು ಬಳಸುವುದು ಮೂರು. ಉಳಿದ ಎಲೆ, ಅಲೆ, ಮೀನಿನ ಪೊರೆಯಂಥ ಅಲಂಕಾರಗಳನ್ನು ಒಂದು ಮಳೆಗಾಲದ ಮಧ್ಯಾಹ್ನ ಕರವಸ್ತ್ರದ ಮೇಲೆ ಸಾಲಾಗಿ ಹೊಲಿದು ನೋಡಿ ಡಯಲನ್ನು ನೇರ ಹೊಲಿಗೆಗೆ ತಿರುಗಿಸಿದವಳು ಮತ್ತೆ ಆ ಕಡೆ ಹೋಗಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕೇ ಹೊಲಿಗೆಯಲ್ಲಿ ಗೋಪುರ, ತೇರು, ಆನೆ ಎಲ್ಲವನ್ನೂ ಕಟ್ಟುವ ಕಸೂತಿಯನ್ನು ಕಂಡು ಬೆಳೆದವಳಿಗೆ ಇವು ರುಚಿಸುವುದು ಕಷ್ಟ. ಗವಂತಿಯಲ್ಲಿ ಬಟ್ಟೆಯ ಮುಂದೂ ಹಿಂದೂ ಒಂದೇ ಚಿತ್ರ ಇರುತ್ತದೆ, ಗಂಟು ಎಲ್ಲಿಯೂ ಕಾಣುವುದಿಲ್ಲ. ಈ ಯಂತ್ರದ ಎಲೆಯನ್ನು ಹಿಂದಿನಿಂದ ನೋಡಿದರೆ ಇರುವೆ ಸಾಲು ದಿಕ್ಕು ತಪ್ಪಿದಂತೆ ಇರುತ್ತದೆ.

ಹಾಗಾದರೆ ಕೊಳ್ಳಬೇಕೇ? ಮಕ್ಕಳ ಬಟ್ಟೆ ಉದ್ದ ಗಿಡ್ಡ ಮಾಡಲು, ಪರದೆ, ದಿಂಬಿನ ಚೀಲ, ಕುಪ್ಪಸ ಹೊಲಿಯಲು ಕಣ್ಣು ಮುಚ್ಚಿ ಕೊಳ್ಳಬಹುದು. ಸೀರೆಗೆ ಫಾಲ್ ಹಚ್ಚಲು ಬೇಡ, ಅದಕ್ಕೆ ಕೈ ಹೊಲಿಗೆಯೇ ಚೆಂದ. ಆರು ಕಿಲೋ ಭಾರವನ್ನು ಪ್ರತಿ ಸಲ ಕಪಾಟಿನಿಂದ ಇಳಿಸುವವರಾದರೆ ಮೂರನೆಯ ತಿಂಗಳಿಗೆ ಹೊಲಿಯುವುದು ನಿಲ್ಲುತ್ತದೆ, ಆದ್ದರಿಂದ ಅದಕ್ಕೊಂದು ಕಾಯಂ ಜಾಗ ಮಾಡಿಕೊಂಡೇ ಕೊಳ್ಳಿ. ನಮ್ಮಲ್ಲಿ ಅದು ಊಟದ ಮೇಜಿನ ಒಂದು ಕೊನೆ. ಒಮ್ಮೆ ಶೇಂಗಾ ಚಟ್ನಿಯ ಬಟ್ಟಲಿನ ಪಕ್ಕದಲ್ಲಿ ಗುಂಡುಸೂಜಿ ಸಿಕ್ಕಿ ದೊಡ್ಡ ರಾದ್ಧಾಂತವಾಯಿತು. ಅಂದಿನಿಂದ ಸೂಜಿಗಳಿಗೆ ಆಯಸ್ಕಾಂತ ಹಾಕಿದ ಡಬ್ಬಿ ಬಂದಿದೆ.

ಕೌದಿಯ ಗಂಟನ್ನು ಹೋದ ವರ್ಷ ಮತ್ತೆ ಬಿಚ್ಚಿದೆ. ಮಗ ಈಗ ಹನ್ನೆರಡನೆಯ ತರಗತಿ, ಬರುವ ಜುಲೈಗೆ ಎಲ್ಲಿಯ ಹಾಸ್ಟೆಲೋ ಏನೋ. ಮೇಲಿನ ಪದರದ ತುಂಡುಗಳನ್ನು ಯಂತ್ರದಲ್ಲಿ ಜೋಡಿಸಿದೆ; ಎರಡೇ ಪದರವಾದ್ದರಿಂದ ಅದು ತಕರಾರಿಲ್ಲದೆ ಒಪ್ಪಿತು. ಉಳಿದದ್ದು ನೆಲದ ಮೇಲೆ ಹಾಸಿ ಕೈಯಿಂದಲೇ, ಅಂಚಿನಿಂದ ಒಳಕ್ಕೆ. ಅವ್ವನ ಇಳಕಲ್ ಸೀರೆಯ ಎರಡು ಚೌಕಗಳ ನಡುವೆ ಆ ಕಡುನೀಲಿ ಪ್ಯಾಂಟಿನ ಕಾಲೂ ಒಂದು ಚೌಕವಾಗಿ ಕೂತಿದೆ, ಮೂರು ಗೆರೆಗಳ ಸಮೇತ. ಟೆರಿಕಾಟ್ ಬಟ್ಟೆ ಕೈಸೂಜಿಗೆ ಬಗ್ಗುವುದಿಲ್ಲ, ಅಲ್ಲಿಗೆ ಬಂದಾಗ ಬೆರಳಿಗೆ ಲೋಹದ ಟೋಪಿ ಹಾಕಿಕೊಳ್ಳುತ್ತೇನೆ. ನಡುವೆ ಇನ್ನೂ ಎರಡು ಗೇಣು ಉಳಿದಿದೆ.