ಪಾವಗಡದ ನೀರಿಗೆ ಇದ್ದಿಲು, ಆರ್‌ಓ, ಅಲ್ಯೂಮಿನಾ: ಮೂರನ್ನೂ ನೋಡಿದ ಮೇಲೆ

ಪಾವಗಡ ತಾಲ್ಲೂಕಿನ ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಕುಡಿಯುವ ನೀರನ್ನು ಹಲ್ಲು-ಮೂಳೆ ಕೆಡಿಸುವ ಫ್ಲೋರೈಡಿನಿಂದ ಕಾಯುತ್ತಿರುವುದು ಆಕ್ಟಿವೇಟೆಡ್ ಅಲ್ಯೂಮಿನಾದ (ರಂಧ್ರಭರಿತ ಅಲ್ಯೂಮಿನಿಯಂ ಆಕ್ಸೈಡಿನ) ಬಿಳಿ ಗುಂಡುಗಳು. ನನ್ನ ಒಲವೂ ಅದರ ಕಡೆಗೇ.

ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 2.8 ಮಿಲಿಗ್ರಾಂ ಫ್ಲೋರೈಡ್ ಇದೆಯೆಂದು ವರದಿ ಬಂದಾಗ ನಾನು ಮೊದಲು ಕೊಂಡದ್ದು ತೆಂಗಿನ ಚಿಪ್ಪಿನ ಇದ್ದಿಲಿನ ಫಿಲ್ಟರ್. ಭಾರತೀಯ ಮಾನಕದಂತೆ ಮಿತಿ 1 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 1.5. ಒಂದು ಗ್ರಾಂ ಇದ್ದಿಲಿನ ರಂಧ್ರಗಳೊಳಗೆ ಸಾವಿರ ಚದರ ಮೀಟರಿನಷ್ಟು ಮೇಲ್ಮೈ ಇರುತ್ತದೆ, ಅದು ಎಲ್ಲವನ್ನೂ ಹಿಡಿಯುತ್ತದೆ ಎಂದು ನಂಬಿದ್ದೆ. ತಿಂಗಳ ನಂತರ ಪರೀಕ್ಷಿಸಿದರೆ ವಾಸನೆ ಹೋಗಿತ್ತು, ಫ್ಲೋರೈಡ್ ಹಾಗೆಯೇ ಇತ್ತು. ಇದ್ದಿಲಿಗೆ ಒಗ್ಗುವುದು ಕ್ಲೋರಿನ್ ಮತ್ತು ಸಾವಯವ ಕೊಳೆ. ನೀರಿನ ಅಣುಗಳನ್ನು ಬಿಗಿಯಾಗಿ ಸುತ್ತಿಕೊಂಡಿರುವ ಫ್ಲೋರೈಡ್ ಅಯಾನಿಗೆ ಅಲ್ಲಿ ಹಿಡಿತವಿಲ್ಲ. ಅಲ್ಯೂಮಿನಾದ ಮೇಲ್ಮೈ ಇದ್ದಿಲಿನದರ ನಾಲ್ಕನೆಯ ಒಂದು ಪಾಲಿನಷ್ಟೇ ಇದ್ದರೂ, ಅದರ ಮೇಲಿನ ಹೈಡ್ರಾಕ್ಸಿಲ್ ಗುಂಪುಗಳು (ಆಮ್ಲಜನಕ-ಜಲಜನಕದ ಜೋಡಿಗಳು) ತಾವು ಜಾಗ ಬಿಟ್ಟು ಫ್ಲೋರೈಡನ್ನು ಕೂರಿಸಿಕೊಳ್ಳುತ್ತವೆ.

ಆರ್‌ಓ (ಮೆಂಬ್ರೇನ್ ಎಂಬ ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಿ ಸೋಸುವ ಯಂತ್ರ) ಫ್ಲೋರೈಡನ್ನು ಖಂಡಿತವಾಗಿ ತೆಗೆಯುತ್ತದೆ. ಆದರೆ ತಂಗಿಯ ಮನೆಯಲ್ಲಿ ಒಂದು ಕೊಡ ತುಂಬುವಷ್ಟರಲ್ಲಿ ಎರಡು ಕೊಡ ಮೋರಿಗೆ ಹೋಗುವುದನ್ನು ನೋಡಿದ ಮೇಲೆ, ಆಳದಿಂದ ಎತ್ತಿದ ನೀರನ್ನು ಹಾಗೆ ಚೆಲ್ಲಲು ನನಗೆ ಮನಸ್ಸಾಗಲಿಲ್ಲ. ಅಮ್ಮ ಸೂಚಿಸಿದ ಕುದಿಸುವ ದಾರಿಯಲ್ಲಿ ನೀರು ಇಂಗಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ.

ಅಲ್ಯೂಮಿನಾದ ದೊಡ್ಡ ತೊಡಕು ಇದು: ಅದು ದಣಿದದ್ದು ನಾಲಿಗೆಗೆ ತಿಳಿಯುವುದಿಲ್ಲ. ಮೂರು ಕಿಲೋ ಗುಂಡುಗಳು ದಿನಕ್ಕೆ ಇಪ್ಪತ್ತು ಲೀಟರಿನಂತೆ ಐದು ತಿಂಗಳು ಬರುತ್ತವೆ ಎಂದು ಮಾರಿದವರು ಹೇಳಿದ್ದರು. ನಮ್ಮಲ್ಲಿ ಎರಡೂವರೆ ತಿಂಗಳಿಗೇ ಮುಗಿದವು. ಈ ಗುಂಡುಗಳು ಚೆನ್ನಾಗಿ ದುಡಿಯುವುದು ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 5.5ರಿಂದ 6ರ ಆಸುಪಾಸಿನಲ್ಲಿ. ನಮ್ಮ ನೀರಿನದು 8, ಜೊತೆಗೆ ಗುಂಡುಗಳ ಮೇಲಿನ ಅದೇ ಜಾಗಕ್ಕೆ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನ ಪೈಪೋಟಿ. ಈಗ ಪ್ರತಿ ಭಾನುವಾರ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಗಾಜಿನ ಕೊಳವೆಯ ನೀರಿಗೆ, ಫ್ಲೋರೈಡ್ ಇದ್ದರೆ ಬಣ್ಣ ಬದಲಿಸುವ ಜಿರ್ಕೋನಿಯಂ-ಅಲಿಜರಿನ್ ದ್ರಾವಣ ಹಾಕಿ ನೋಡುತ್ತೇನೆ. ಗುಲಾಬಿ ಉಳಿದರೆ ನೆಮ್ಮದಿ, ಹಳದಿಗೆ ತಿರುಗಿದರೆ ಗುಂಡುಗಳನ್ನು ಮತ್ತೆ ಚುರುಕುಗೊಳಿಸುವ ಕೆಲಸ.

ಆ ಕೆಲಸ ಸುಲಭದ್ದಲ್ಲ. ಕೈಗವಸು, ಕನ್ನಡಕ ಹಾಕಿಕೊಂಡು ಶೇಕಡಾ 1ರ ಕಾಸ್ಟಿಕ್ ಸೋಡಾದಲ್ಲಿ ರಾತ್ರಿಯಿಡೀ ನೆನೆಸಿ, ತೊಳೆದು, ತೆಳು ಸಲ್ಫ್ಯೂರಿಕ್ ಆಮ್ಲದಲ್ಲಿ ಮತ್ತೆ ನೆನೆಸಿ, ನೀರು ತಟಸ್ಥವಾಗುವವರೆಗೆ ತೊಳೆಯಬೇಕು. ತಿಂಗಳುಗಟ್ಟಲೆ ಹಿಡಿದಿಟ್ಟ ಫ್ಲೋರೈಡೆಲ್ಲ ಆ ಕಾಸ್ಟಿಕ್ ನೀರಿನಲ್ಲಿ ಬಂದು ಕೂತಿರುತ್ತದೆ. ಅದನ್ನು ಬಾಳೆ ಬುಡಕ್ಕೆ ಸುರಿದರೆ ಮಾಡಿದ್ದೆಲ್ಲ ವ್ಯರ್ಥ. ನಾನು ಅದಕ್ಕೆ ಸುಣ್ಣದ ತಿಳಿ ಬೆರೆಸಿ ಬಿಡುತ್ತೇನೆ. ಬಕೆಟ್ಟಿನ ತಳದಲ್ಲಿ ಬಿಳಿ ಗಸಿಯಾಗಿ ಕೂರುವುದರಲ್ಲಿ ಆ ಫ್ಲೋರೈಡ್ ಕ್ಯಾಲ್ಸಿಯಂ ಫ್ಲೋರೈಡಾಗಿ ಸೇರಿರುತ್ತದೆ. ಅದನ್ನು ಒಣಗಿಸಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇನೆ.

ವಾರಕ್ಕೆ ಹತ್ತು ನಿಮಿಷ, ಎರಡೂವರೆ ತಿಂಗಳಿಗೊಂದು ವಾರಾಂತ್ಯ ಕೊಡಲು ನನಗೆ ಸಾಧ್ಯ. ಆರ್‌ಓಗೆ ಬೇಕಾದ ಕರೆಂಟನ್ನು ನಂಬುವಂತಿಲ್ಲ, ಅದರ ಮೆಂಬ್ರೇನ್ ಬದಲಿಸುವ ಖರ್ಚು ಬೇಡ. ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದು, ಆಮ್ಲ ಮುಟ್ಟುವವರು ಯಾರೂ ಇಲ್ಲದಿದ್ದರೆ ಆರ್‌ಓವನ್ನೇ ಹಾಕಿಸಿ, ಹೊರಬರುವ ನೀರನ್ನು ಶೌಚಕ್ಕೆ ಬಳಸಿ. ಇದ್ದಿಲಿನ ಫಿಲ್ಟರನ್ನು ಮಾತ್ರ ಫ್ಲೋರೈಡಿಗಾಗಿ ಕೊಳ್ಳಬೇಡಿ.