ಹಳೇ ಬೈಕಿಗೆ ಕಾರ್ಬೊರೇಟರ್ ಕಿಟ್: ರಬ್ಬರ್ ಹಾಕಿ, ಹಿತ್ತಾಳೆ ಎತ್ತಿಡಿ

ನನ್ನ ಹಳೇ ಬೈಕಿನ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಜಪಾನಿನ ಮಿಕುನಿ ಕಂಪನಿಯ ವಿಎಂ22. ರಿಪೇರಿ ಕಿಟ್ ಮಾತ್ರ ಮಿಕುನಿಯದ್ದಲ್ಲ, ಬೇರೆ ಕಂಪನಿಯದ್ದು. ಹಾಕಿ ಕೆಲವು ವರ್ಷಗಳಾದವು, ಬೈಕ್ ದಿನಾ ಓಡುತ್ತಿದೆ. ಕಿಟ್‌ನ ರಬ್ಬರ್ ಸಾಮಾನು ತುಂಬ ಚೆನ್ನಾಗಿದೆ. ಜೆಟ್‌ಗಳನ್ನು (ಪೆಟ್ರೋಲ್ ಅಳೆದು ಬಿಡುವ, ಸಣ್ಣ ತೂತಿನ ಹಿತ್ತಾಳೆ ತುಂಡುಗಳು) ಮಾತ್ರ ನಾನು ತೆಗೆದಿಟ್ಟಿದ್ದೇನೆ.

ಕಿಟ್ ತರಿಸುವ ಮೊದಲು ಕಾರ್ಬೊರೇಟರ್ ಯಾವುದು ಅಂತ ನೋಡಿಕೊಳ್ಳಿ. ಬೈಕಿನ ಹೆಸರು ಹೇಳಿದರೆ ಸಾಲದು. ಹಳೇ ಗಾಡಿಯಲ್ಲಿ ಯಾರೋ ಯಾವಾಗಲೋ ಬೇರೆಯದನ್ನು ಕೂರಿಸಿರಬಹುದು, ಅಲ್ವಾ? ಬ್ರಶ್‌ನಿಂದ ಜಿಡ್ಡು ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಒತ್ತಿರುವ ಅಕ್ಷರ ಕಾಣುತ್ತದೆ. ವಿಎಂ22ರಲ್ಲಿ 22 ಅಂದರೆ ಗಾಳಿ ಹೋಗುವ ದಾರಿಯ ಅಳತೆ, ಮಿಲಿಮೀಟರ್‌ನಲ್ಲಿ. ಬ್ರಿಟನ್ನಿನ ಅಮಾಲ್ ಕಾನ್ಸೆಂಟ್ರಿಕ್ ಕಾರ್ಬೊರೇಟರ್‌ನಲ್ಲಿ 626 ಅಂತಿದ್ದರೆ 600ರ ಸರಣಿ, 26 ಮಿ.ಮೀ. 930 ಅಂದರೆ 900ರ ಸರಣಿ, 30 ಮಿ.ಮೀ.

ಕಿಟ್‌ನಿಂದ ಹಾಕಿದ ಫ್ಲೋಟ್ ಬೌಲ್‌ನ (ಕಾರ್ಬೊರೇಟರ್ ಕೆಳಗಿನ ಪೆಟ್ರೋಲ್ ಬಟ್ಟಲು) ಗ್ಯಾಸ್ಕೆಟ್ ಇವತ್ತಿಗೂ ಒಂದು ಹನಿ ಸೋರಿಲ್ಲ. ಎಂಜಿನ್ ಕಡೆಯ ಓ-ರಿಂಗ್ (ರಬ್ಬರ್ ಬಳೆ) ಊದಿಕೊಂಡಿಲ್ಲ, ಗಟ್ಟಿಯಾಗಿಲ್ಲ. ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರಿಗೆ ಏನು ಮಾಡುತ್ತದೆ ಅಂತ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಆ ಓ-ರಿಂಗ್ ಸರಿಯಿಲ್ಲದಿದ್ದರೆ ಅಲ್ಲಿಂದ ಗಾಳಿ ಎಳೆದುಕೊಂಡು ಐಡಲಿಂಗ್ ನಿಲ್ಲುವುದೇ ಇಲ್ಲ.

ಇನ್ನು ಜೆಟ್. ಹಳೇ ಮೇನ್ ಜೆಟ್ ಮೇಲೂ ಕಿಟ್‌ನ ಜೆಟ್ ಮೇಲೂ ಒಂದೇ ನಂಬರ್ ಇತ್ತು. ಎರಡನ್ನೂ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಹಳೆಯದರ ತೂತಿನ ಅಂಚು ನುಣುಪು, ಹೊಸದರಲ್ಲಿ ಹಿತ್ತಾಳೆಯ ಎಳೆ ಹಾಗೇ ಎದ್ದುಕೊಂಡಿತ್ತು. ಹೊಸದನ್ನು ಹಾಕಿ ಓಡಿಸಿದಾಗ ಪ್ಲಗ್ ಮಸಿ ಹಿಡಿಯಿತು, ಅಂದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿತ್ತು. ಹಳೆಯದನ್ನು ತೊಳೆದು ವಾಪಸ್ ಹಾಕಿದ ಮೇಲೆ ಪ್ಲಗ್ ಸರಿಯಾದ ಕಂದು ಬಣ್ಣಕ್ಕೆ ಬಂತು. ಒಳ್ಳೇ ಜೆಟ್ ಸುಮ್ನೆ ಹಾಳಾಗುವುದಿಲ್ಲ, ಬರೀ ಕಟ್ಟಿಕೊಳ್ಳುತ್ತದೆ. ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಊದಿದರೆ ಸಾಕು. ಪಿನ್ ತೂರಿಸಬೇಡಿ, ತೂತು ದೊಡ್ಡದಾಗುತ್ತದೆ. ಹಾಗೇ, ಮಿಕುನಿ ಜೆಟ್‌ನ ನಂಬರನ್ನೂ ಇನ್ನೊಂದು ಕಂಪನಿಯಾದ ಕೇಹಿನ್ ಜೆಟ್‌ನ ನಂಬರನ್ನೂ ಒಂದೇ ಅಂತ ಲೆಕ್ಕ ಹಾಕಬೇಡಿ. ಅಳೆಯುವ ಕ್ರಮವೇ ಬೇರೆ. ಆಕ್ಸಿಲರೇಟರ್ ಜೊತೆ ಮೇಲೆ ಕೆಳಗೆ ಓಡುವ ಸ್ಲೈಡ್‌ನ ಸೂಜಿ ಉಜ್ಜಿ ಉಜ್ಜಿ, ಅದು ಇಳಿಯುವ ನೀಡಲ್ ಜೆಟ್‌ನ ತೂತು ಮೊಟ್ಟೆಯಾಕಾರ ಆಗಿದ್ದರೆ ಮಾತ್ರ ಬದಲಿಸಲೇಬೇಕು. ಆಗಲೂ ಅಸಲಿ ಮಿಕುನಿಯದ್ದನ್ನೇ ಹುಡುಕಿ.

ಕಿಟ್‌ನ ಫ್ಲೋಟ್ ನೀಡಲ್ (ಬೌಲ್‌ನಲ್ಲಿ ತೇಲುವ ಫ್ಲೋಟ್ ಮೇಲೆದ್ದಾಗ ಪೆಟ್ರೋಲ್ ನಿಲ್ಲಿಸುವ ಸೂಜಿ) ಚೆನ್ನಾಗಿ ಕೂರುತ್ತದೆ, ಆದರೆ ಹಳೆಯದಕ್ಕಿಂತ ಸ್ವಲ್ಪ ಉದ್ದ. ಅದನ್ನು ಹಾಕಿದರೆ ಫ್ಲೋಟ್ ಎತ್ತರ ಮತ್ತೆ ಅಳೆಯಲೇಬೇಕು. ಫ್ಲೋಟ್‌ನ ನಾಲಿಗೆ ನೀಡಲ್‌ನ ಸ್ಪ್ರಿಂಗ್ ಪಿನ್ನಿಗೆ ತಾಗಿಯೂ ತಾಗದಂತಿರುವಾಗ ಅಳೆಯಿರಿ. ಪಿನ್ ಒಳಗೆ ಒತ್ತಿದ್ದರೆ ಲೆಕ್ಕ ತಪ್ಪುತ್ತದೆ. ಕಿಟ್ ಜೊತೆ ಬರುವ ಚೀಟಿಯಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ. ಇದು ನನಗೆ ಬೇಜಾರಿನ ವಿಷಯ, ಯಾಕೆಂದರೆ ಪೆಟ್ರೋಲ್ ತುಂಬಿ ಹರಿಯುವುದು ಇಲ್ಲಿಂದಲೇ.

ಬಿಚ್ಚುವಾಗ ಜೆಐಎಸ್ (ಜಪಾನಿ ಮಾನದಂಡದ) ಸ್ಕ್ರೂಡ್ರೈವರ್ ಬಳಸಿ. ಜಪಾನಿ ಕಾರ್ಬೊರೇಟರ್‌ನ ಸ್ಕ್ರೂ ನೋಡಲು ಫಿಲಿಪ್ಸ್ ತರಹವೇ ಇರುತ್ತದೆ, ಆದರೆ ಫಿಲಿಪ್ಸ್ ಹಾಕಿದರೆ ಜಾರಿ ತಲೆ ಸವೆಯುತ್ತದೆ.

ರಬ್ಬರಿಗೆ ಐದಕ್ಕೆ ಐದು, ಜೆಟ್‌ಗಳಿಗೆ ಎರಡು. ಗ್ಯಾಸ್ಕೆಟ್, ಓ-ರಿಂಗ್, ಫ್ಲೋಟ್ ನೀಡಲ್ ಇಷ್ಟನ್ನೇ ಬೇರೆ ಪೊಟ್ಟಣ ಮಾಡಿ ಮಾರಿದರೆ ನಾನು ಇವತ್ತೇ ಇನ್ನೊಂದು ತರಿಸುತ್ತೇನೆ.