ಮನೆದಾರಿ ಹಿಡಿದ ಸೈನಿಕರ ಮೂರು ಸಿನಿಮಾ: ನಮ್ಮ ಮನೆಯವರಿಗೆ ಹಿಡಿಸಿದ್ದು ಯಾವುದು?

ಯುದ್ಧದ ಸಿನಿಮಾ ಬೇಕಾದಷ್ಟಿವೆ. ಯುದ್ಧದಿಂದ ವಾಪಸ್ ಬರುವ ದಾರಿಯ ಮೇಲೇ ಕತೆ ಕಟ್ಟಿದವು ಕಡಿಮೆ. ಅಂಥ ಮೂರನ್ನು ಮಂಡ್ಯದ ಚಿಕ್ಕಪ್ಪನ ಮನೆಯಲ್ಲಿ ಹಾಕಿ ನೋಡಿದೆವು: ‘ದಿ ಲಕ್ಕಿ ಒನ್ಸ್’ (2008), ‘ಟೇಕಿಂಗ್ ಚಾನ್ಸ್’ (2009), ‘ಲಾಸ್ಟ್ ಫ್ಲಾಗ್ ಫ್ಲೈಯಿಂಗ್’ (2017). ಚಿಕ್ಕಪ್ಪ ಹವಾಲ್ದಾರ್ ಆಗಿ ರಿಟೈರ್ ಆದವರು. ಚಿಕ್ಕಮ್ಮ ಅವರ ರಜೆ ಕಾದುಕೊಂಡೇ ಮಕ್ಕಳನ್ನು ಬೆಳೆಸಿದವರು. ಮೈಸೂರಿನಿಂದ ನನ್ನ ಜೊತೆ ಬಂದ ಗೆಳೆಯನಿಗೆ ಸಿನಿಮಾ ಹುಚ್ಚು, ಮಿಲಿಟ್ರಿಯ ಗಂಧಗಾಳಿ ಇಲ್ಲ.

‘ಲಕ್ಕಿ ಒನ್ಸ್’ನಲ್ಲಿ ಇರಾಕ್‌ನಿಂದ ಬಂದ ಮೂವರು ನ್ಯೂಯಾರ್ಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕರೆಂಟ್ ಹೋಗಿ ವಿಮಾನಗಳೆಲ್ಲ ರದ್ದು. ಒಂದು ವ್ಯಾನ್ ಬಾಡಿಗೆಗೆ ಹಿಡಿದು ಜೊತೆಯಲ್ಲೇ ಹೊರಡುತ್ತಾರೆ. ಟಿಮ್ ರಾಬಿನ್ಸ್, ರೇಚಲ್ ಮೆಕ್‌ಆಡಮ್ಸ್, ಮೈಕೆಲ್ ಪೆನ್ಯಾ ಮೂವರೂ ಚೆನ್ನಾಗಿ ಮಾಡಿದ್ದಾರೆ. ಬಿಡುಗಡೆಯಾದಾಗ ಇದು ಪೂರ್ತಿ ಮಕಾಡೆ ಮಲಗಿತ್ತು. ಗೆಳೆಯ ಅದರಲ್ಲಿ ಆಶ್ಚರ್ಯವೇನಿಲ್ಲ ಅಂದ. ರಾಬಿನ್ಸ್ ಪಾತ್ರದ ಹೆಂಡತಿಗೆ ಡೈವೋರ್ಸ್ ಬೇಕು, ಮಗನ ಕಾಲೇಜಿಗೆ 20,000 ಡಾಲರ್ ಬೇಕು, ಸತ್ತ ಗೆಳೆಯನ ಗಿಟಾರ್ ಅವನ ಮನೆಗೆ ಮುಟ್ಟಿಸಬೇಕು, ಇದರ ಮೇಲೆ ದಾರಿಯಲ್ಲಿ ಸುಂಟರಗಾಳಿ ಬೇರೆ. ಒಂದು ಸಿನಿಮಾಗೆ ಇಷ್ಟು ಕಾಕತಾಳೀಯ ಜಾಸ್ತಿ ಆಯಿತು ಅಲ್ವಾ? ನನಗೂ ಹಾಗೇ ಅನ್ನಿಸಿತು.

ಚಿಕ್ಕಪ್ಪನಿಗೆ ಹಿಡಿಸಿದ್ದು ಬೇರೆಯೇ. ರಾಬಿನ್ಸ್ ಪಾತ್ರಕ್ಕೆ ಏಟಾಗಿರುವುದು ಶತ್ರುವಿನಿಂದಲ್ಲ. ತಾತ್ಕಾಲಿಕ ಕಕ್ಕಸಿನ ಡಬ್ಬ ಬೆನ್ನ ಮೇಲೆ ಬಿದ್ದು. ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. “ಎಲ್ರಿಗೂ ಗುಂಡೇ ಬೀಳ್ತದೆ ಅಂದ್ಕಂಡಿದ್ದೀರೇನ್ಲಾ? ನಮ್ ಯೂನಿಟ್‌ನಲ್ಲಿ ಲಾರಿ ಬಾನೆಟ್ ಬಿದ್ದು ಬೆರಳು ಹೋದೋನು ಇದ್ದ!” ಆ ವ್ಯಾನಿನೊಳಗಿನ ಮಾತು, ಮೂವರೂ ಒಬ್ಬರನ್ನೊಬ್ಬರು ರೇಗಿಸುವ ರೀತಿ, ರಜಕ್ಕೆ ಊರಿಗೆ ಬರುವ ರೈಲಿನ ಥರವೇ ಇದೆ ಅಂದರು.

ಡೈವೋರ್ಸ್ ಕೇಳುವ ಹೆಂಡತಿಯನ್ನು ಗೆಳೆಯ ಬೈದ. ಚಿಕ್ಕಮ್ಮ ಬಿಡಲಿಲ್ಲ. “ವರ್ಷಕ್ಕೆ ಎರಡು ತಿಂಗಳು ಬರೋರು ಮನೇಲಿ ನೆಂಟರ ಥರ ಇರ್ತಾರೆ ಕಣಪ್ಪ. ಅವಳಿಗೆ ಒಬ್ಬಳೇ ಇದ್ದು ರೂಢಿ ಆಗೋಗದೆ. ಅದ್ರಲ್ಲಿ ತಪ್ಪೇನಿದೆ?” ಚಿಕ್ಕಪ್ಪ ಸೀಲಿಂಗ್ ಫ್ಯಾನ್ ನೋಡುತ್ತಾ ಕೂತರು.

‘ಟೇಕಿಂಗ್ ಚಾನ್ಸ್’ ಅಮೆರಿಕದ ಎಚ್‌ಬಿಒ ವಾಹಿನಿಗೆ ಮಾಡಿದ್ದು, ನಡೆದ ಘಟನೆ. 2004ರಲ್ಲಿ ಇರಾಕ್‌ನಲ್ಲಿ ಸತ್ತ 19 ವರ್ಷದ ಚಾನ್ಸ್ ಫೆಲ್ಪ್ಸ್ ಎಂಬ ಸೈನಿಕನ ಶವವನ್ನು, ಅವನ ಪರಿಚಯವೇ ಇಲ್ಲದ ಒಬ್ಬ ದೊಡ್ಡ ಅಧಿಕಾರಿ ವ್ಯೋಮಿಂಗ್‌ನ ಅವನ ಊರಿಗೆ ಒಯ್ಯುತ್ತಾನೆ. ಅಧಿಕಾರಿಯಾಗಿ ಕೆವಿನ್ ಬೇಕನ್. ಹೆದ್ದಾರಿಯಲ್ಲಿ ಹೋಗುತ್ತಿದ್ದ ಕಾರುಗಳು ಒಂದೊಂದಾಗಿ ದೀಪ ಹಚ್ಚಿ ಶವದ ಗಾಡಿಯ ಜೊತೆ ಸಾಲುಗಟ್ಟುತ್ತವೆ. ಗೆಳೆಯನಿಗೆ ಇದು ಅತಿ ಅನ್ನಿಸಿತು. ಮಂಡ್ಯದಲ್ಲಿ ಕೂತು ಹಾಗನ್ನಬಾರದು. 2019ರ ಫೆಬ್ರವರಿಯಲ್ಲಿ ಪುಲ್ವಾಮಾದಲ್ಲಿ ಮಡಿದ ಸಿಆರ್‌ಪಿಎಫ್ ಯೋಧ ಎಚ್. ಗುರು ಅವರ ಶವ ಬೆಂಗಳೂರಿನಿಂದ ಮದ್ದೂರು ತಾಲೂಕಿನ ಗುಡಿಗೆರೆಗೆ ಬಂದಾಗ ಹೆದ್ದಾರಿಯುದ್ದಕ್ಕೂ ಜನ ನಿಂತಿದ್ದರು. ಚಿಕ್ಕಪ್ಪನೂ ಆ ಗುಂಪಿನಲ್ಲಿದ್ದವರು. ಆ ದೃಶ್ಯ ಅವರಿಗೆ ಸಾಕ್ಷಿ ಬೇಡದಷ್ಟು ನಿಜ. ಆದರೂ ಈ ಸಿನಿಮಾದಲ್ಲಿ ಎದುರಾದವರೆಲ್ಲ ಒಳ್ಳೆಯವರೇ. ಯಾರೂ ಗೊಣಗುವುದಿಲ್ಲ. ನನಗೆ ಅದೇ ಸ್ವಲ್ಪ ಸಪ್ಪೆ.

ಗೊಣಗಾಟ ಬೇಕಾದರೆ ‘ಲಾಸ್ಟ್ ಫ್ಲಾಗ್ ಫ್ಲೈಯಿಂಗ್’ ನೋಡಿ. ನಿರ್ದೇಶಕ ರಿಚರ್ಡ್ ಲಿಂಕ್ಲೇಟರ್. 2003ರ ಡಿಸೆಂಬರ್. ಇರಾಕ್‌ನಲ್ಲಿ ಮಗನನ್ನು ಕಳೆದುಕೊಂಡ ಅಪ್ಪ (ನಟ ಸ್ಟೀವ್ ಕ್ಯಾರೆಲ್), ವಿಯೆಟ್ನಾಂನಲ್ಲಿ ಜೊತೆಗಿದ್ದ ಇಬ್ಬರನ್ನು ಹುಡುಕಿಕೊಂಡು ಬರುತ್ತಾನೆ. ಒಬ್ಬ ಬಾರ್ ಇಟ್ಟಿದ್ದಾನೆ, ಇನ್ನೊಬ್ಬ ಪಾದ್ರಿ ಆಗಿದ್ದಾನೆ. ಮಗ ವೀರನಂತೆ ಹೋರಾಡಿ ಸತ್ತ ಎಂದು ಸೇನೆ ಹೇಳುತ್ತದೆ. ನಿಜವಾಗಿ ಕೋಕ್ ತರಲು ಹೋದಾಗ ಹಿಂದಿನಿಂದ ಗುಂಡು ಬಿದ್ದಿರುತ್ತದೆ. ಅಪ್ಪ ಸಿಟ್ಟಾಗಿ ಆರ್ಲಿಂಗ್ಟನ್‌ನ ಸೇನಾ ಸ್ಮಶಾನ ಬೇಡ, ನಾನೇ ಮನೆಗೆ ಒಯ್ಯುತ್ತೇನೆ ಅನ್ನುತ್ತಾನೆ. ಅದೇ ಮೂವರು ದಾರಿಯಲ್ಲಿ ತಮ್ಮ ಹಳೆಯ ಗೆಳೆಯನ ತಾಯಿಯನ್ನು ಕಂಡು, ಅವನು ಸತ್ತ ನಿಜವಾದ ಬಗೆ ಹೇಳಲು ಹೋಗುತ್ತಾರೆ. ಮುದುಕಿಯ ಮುಖ ನೋಡಿ ಬಾಯಿ ಕಟ್ಟುತ್ತದೆ. ಅವರೂ ಸುಳ್ಳನ್ನೇ ಹೇಳಿ ಬರುತ್ತಾರೆ!

ಇಲ್ಲಿ ನಮ್ಮಲ್ಲಿ ದೊಡ್ಡ ಜಗಳ. ಅಪ್ಪನಿಗೆ ನಿಜ ಬೇಕಿತ್ತು ಅಂದ ಮೇಲೆ ಆ ತಾಯಿಗೂ ಬೇಕಿತ್ತಲ್ಲ ಎಂದು ಗೆಳೆಯನ ವಾದ. ಚಿಕ್ಕಪ್ಪ ಒಪ್ಪಲಿಲ್ಲ. “ಆ ಮನೆ ಒಳಗೆ ಹೋಗಿ ನಿಂತ್ಕ, ಆಮೇಲೆ ಮಾತಾಡು” ಅಂದರು. ಮೂರರಲ್ಲೂ ಗಟ್ಟಿ ಸಿನಿಮಾ ಇದೇ. ಮಾತು ಜಾಸ್ತಿ, ಗತಿ ನಿಧಾನ. ಚಿಕ್ಕಮ್ಮ ನಡುವೆ ಒಂದು ನಿದ್ದೆ ತೆಗೆದರು.

ಹೊತ್ತು ಕಡಿಮೆ ಇದ್ದರೆ ‘ಟೇಕಿಂಗ್ ಚಾನ್ಸ್’ ಸರಿ, ಒಂದೂಕಾಲು ಗಂಟೆ ದಾಟಿದರೆ ಮುಗಿದೇಹೋಗುತ್ತದೆ. ನಾಲ್ಕು ಜನ ಕೂತು ಹರಟುತ್ತಾ ನೋಡಲು, ಅದರ ತಪ್ಪುಗಳ ಸಮೇತ, ನನ್ನ ಓಟು ‘ಲಕ್ಕಿ ಒನ್ಸ್’ಗೆ. ಹಿರಿಯರ ಜೊತೆ ಹಾಕುವ ಮುಂಚೆ ಒಂದು ವಿಷಯ ತಿಳಿದಿರಲಿ. ಪೆನ್ಯಾ ಪಾತ್ರಕ್ಕೆ ಗಾಯವಾಗಿರುವುದು ತೊಡೆಸಂದಿಯಲ್ಲಿ, ಆ ಮಾತು ಉದ್ದಕ್ಕೂ ಬರುತ್ತದೆ. ನಮ್ಮ ಚಿಕ್ಕಮ್ಮ ಆವಾಗಾವಾಗ ಸುಮ್ನೆ ಎದ್ದು ಕಾಫಿ ಮಾಡಲು ಹೋಗುತ್ತಿದ್ದರು. ಕಾಫಿ ಜಾಸ್ತಿಯೇ ಕುಡಿದೆವು.